ಎರಡೂ ಕಡೆಯವರ ಮಾತು ನನಗೇ ಯಾಕೆ?

ಪ್ರಶ್ನೆ: ಊರು ಗಳಗನಾಥ. ಬ್ಯಾಡಗಿ ಕಡೆಯ ಪದವಿ ಕಾಲೇಜೊಂದರಲ್ಲಿ ವಾಣಿಜ್ಯಶಾಸ್ತ್ರದ ಅತಿಥಿ ಉಪನ್ಯಾಸಕಿ. ಮೆಣಸಿನಕಾಯಿ ವ್ಯಾಪಾರಸ್ಥರ ಜೊತೆ ಕೂತು ಹೊಸ ಕೋರ್ಸ್ ರೂಪಿಸುವ ಕೆಲಸ ನನಗೆ ಬಿದ್ದಿದೆ. ಅವರು ‘ನಿಮ್ಮ ಹುಡುಗರಿಗೆ ಏನೂ ಬರೂದಿಲ್ರಿ’ ಅಂತಾರೆ. ವಿಶ್ವವಿದ್ಯಾಲಯದವರು ‘ಸಿಲೆಬಸ್ ಮುಟ್ಟಬೇಡಿ’ ಅಂತಾರೆ. ನಿದ್ದೆ ಬರುತ್ತಿಲ್ಲ. ನಾನು ಇದಕ್ಕೆ ಲಾಯಕ್ಕಿಲ್ಲವೇ?

ಉತ್ತರ: ಕಾಯಂ ಅಲ್ಲದ ಕೆಲಸದಲ್ಲಿದ್ದು ಎರಡೂ ಕಡೆಯವರ ಮಾತು ಕೇಳಬೇಕಾಗಿದೆ, ನಿದ್ದೆ ಕೆಡುವುದು ಸಹಜ. ‘ಏನೂ ಬರೂದಿಲ್ಲ’ ಅಂದದ್ದು ಹುಡುಗರಿಗಾದರೂ, ಚುಚ್ಚಿದ್ದು ಪಾಠ ಹೇಳಿದ ನಿಮಗೆ.

ಅವರವರ ಒತ್ತಡವನ್ನೊಮ್ಮೆ ನೋಡಿ. ಜನವರಿ ಬಂತೆಂದರೆ ಬ್ಯಾಡಗಿಗೆ ಮೆಣಸಿನಕಾಯಿ ಚೀಲಗಳು ಸುರಿಯುತ್ತವೆ. ಚೀಲ ಬಿಚ್ಚಿದೊಡನೆ ಇದು ಕಡ್ಡಿ ತಳಿಯೋ ಡಬ್ಬಿ ತಳಿಯೋ, ತೇವವೆಷ್ಟು, ಬಣ್ಣ ಹೇಗೆ ಎಂದು ಹೇಳುವ ಹುಡುಗ ವ್ಯಾಪಾರಿಗೆ ಈ ಸುಗ್ಗಿಗೇ ಬೇಕು. ವಿಶ್ವವಿದ್ಯಾಲಯದಲ್ಲಾದರೋ ಪಠ್ಯಕ್ರಮ ಬದಲಾಗಬೇಕಾದರೆ ಅಧ್ಯಯನ ಮಂಡಳಿ ದಾಟಬೇಕು, ವಿದ್ಯಾವಿಷಯಕ ಪರಿಷತ್ತು ಒಪ್ಪಬೇಕು. 2021-22ರಲ್ಲಿ ನಾಲ್ಕು ವರ್ಷದ ಪದವಿಗೆ ಹೊರಳಿ, 2024-25ರಲ್ಲಿ ಮತ್ತೆ ಮೂರಕ್ಕೆ ಮರಳಿದವರು ‘ಮುಟ್ಟಬೇಡಿ’ ಅಂದರೆ, ಅದರಲ್ಲಿ ದಣಿವೂ ಇದೆ. ಇಬ್ಬರೂ ನಿಮ್ಮ ಯೋಗ್ಯತೆ ಅಳೆಯುತ್ತಿಲ್ಲ.

ಹಾಗೆಂದು ವ್ಯಾಪಾರಸ್ಥರು ಹೇಳಿದ್ದನ್ನೆಲ್ಲ ಬರೆದುಕೊಂಡು ಬರಬೇಡಿ. 2024ರ ಮಾರ್ಚಿನಲ್ಲಿ ದರ ಕುಸಿದು ಬ್ಯಾಡಗಿ ಮಾರುಕಟ್ಟೆಯಲ್ಲಿ ಗಲಭೆಯಾಯಿತಲ್ಲ, ದರ ಯಾಕೆ ಬಿತ್ತು ಎಂದು ಯೋಚಿಸಬಲ್ಲ ಹುಡುಗರೂ ಈ ಊರಿಗೆ ಬೇಕು. ಅದನ್ನು ಕಲಿಸುವವರು ನೀವು.

ಮುಂದಿನ ಸಭೆಯಲ್ಲಿ ‘ಯಾವ ವಿಷಯ ಸೇರಿಸಲಿ?’ ಎನ್ನುವ ಬದಲು, ‘ಹೊಸ ಹುಡುಗ ಮೊದಲ ತಿಂಗಳು ಎಲ್ಲಿ ತಪ್ಪುತ್ತಾನೆ?’ ಎಂದು ಕೇಳಿ. ದೂರು ಹೇಳುವವರೂ ಆಗ ಕಲಿಸುವವರಾಗುತ್ತಾರೆ. ಸಿಕ್ಕ ಉತ್ತರಗಳಲ್ಲಿ ಒಂದೆರಡು ಪ್ರಾಜೆಕ್ಟೋ ಸಣ್ಣ ಸರ್ಟಿಫಿಕೇಟ್ ಕೋರ್ಸೋ ಆಗಲಿ. ಮುಖ್ಯ ಪತ್ರಿಕೆಗಳು ಸದ್ಯ ಇದ್ದ ಹಾಗೇ ಇರಲಿ. ಸೋಮವಾರ, ಗುರುವಾರದ ಮಾರುಕಟ್ಟೆಗೆ ಮಕ್ಕಳನ್ನು ಕಳಿಸುವುದಾದರೆ ಎಷ್ಟು ಗಂಟೆ, ಕಲಿಸುವವರು ಯಾರು, ಭತ್ಯೆಯೆಷ್ಟು ಎಂಬುದು ಕಾಗದದ ಮೇಲಿರಲಿ. ಇಲ್ಲದಿದ್ದರೆ ಕಲಿಕೆಯ ಹೆಸರಲ್ಲಿ ಚೀಲ ಹೊರುವುದೇ ಆದೀತು.

ನಿದ್ದೆಗೇಡು ಎರಡು ವಾರ ದಾಟಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಇನ್ನೊಂದು ಮಾತು. ಕಾಲೇಜಿನ ಪರವಾಗಿ ಸಹಿ ಹಾಕುವ ಅಧಿಕಾರ ನಿಮಗಿಲ್ಲ, ಬೈಸಿಕೊಳ್ಳುವ ಹೊಣೆ ಮಾತ್ರ ಇದೆ. ಇದು ಸರಿಯಲ್ಲ. ಮುಂದಿನ ಸಭೆಗೆ ಪ್ರಾಂಶುಪಾಲರೂ ಬಂದು ಕೂರಲಿ. ಸಂಕೋಚಪಡದೆ ಕೇಳಿ.