ಕರುಳು ಕೆರಳಿದರೆ ಕಾಲಿಗೆ ಕೆಲಸ ಕೊಡಿ

ಹಾರನಹಳ್ಳಿಯಿಂದ ಅರಸೀಕೆರೆ ದೂರವೇನಲ್ಲ. ಆದರೂ ಬಸ್ಸು ಹತ್ತುವ ಹೊತ್ತಿಗೆ ಸರಿಯಾಗಿ ಕೆಲವರಿಗೆ ಹೊಟ್ಟೆ ನುಲಿಯುತ್ತದೆ, ಇನ್ನೊಮ್ಮೆ ಕಕ್ಕಸಿಗೆ ಹೋಗಿಬರೋಣ ಅನ್ನಿಸುತ್ತದೆ. ಮತ್ತೆ ಕೆಲವರಿಗೆ ಮೂರು ದಿನವಾದರೂ ಸಲೀಸಾಗಿ ಆಗುವುದಿಲ್ಲ, ಹೊಟ್ಟೆ ಉಬ್ಬಿರುತ್ತದೆ. ಸ್ಕ್ಯಾನ್ ಮಾಡಿಸಿದರೆ ಎಲ್ಲವೂ ಸರಿ! ಹಾಗೆಂದು ನೋವು ಸುಳ್ಳಲ್ಲ. ವೈದ್ಯರು ಇದನ್ನು ಐಬಿಎಸ್ (ಇರಿಟಬಲ್ ಬವೆಲ್ ಸಿಂಡ್ರೋಮ್, ಅಂದರೆ ಕೆರಳುವ ಕರುಳಿನ ತೊಂದರೆ) ಎನ್ನುತ್ತಾರೆ.

ಇಲ್ಲಿ ಕರುಳಿನಲ್ಲಿ ಹುಣ್ಣಿಲ್ಲ, ಗಡ್ಡೆಯಿಲ್ಲ. ತಪ್ಪಿರುವುದು ಅದರ ಚಲನೆಯ ಲಯ, ಮಿದುಳಿನೊಂದಿಗಿನ ಹೊಂದಾಣಿಕೆ. ಬೇರೆಯವರಿಗೆ ಗೊತ್ತೇ ಆಗದಷ್ಟು ಗಾಳಿ ಇವರಿಗೆ ನೋವು ಕೊಡುತ್ತದೆ. ಮನಸ್ಸಿಗೆ ಆತಂಕವಾದರೆ ಕರುಳು ಇನ್ನಷ್ಟು ಕೆರಳುತ್ತದೆ.

ಮೈಯಾಡಿಸುವುದು ಇಲ್ಲಿಯೇ ನೆರವಾಗುವುದು. ನಡೆದಾಗ ಕರುಳಿನೊಳಗಿನ ಗಾಳಿ ಮುಂದೆ ಸಾಗುತ್ತದೆ, ಮನಸ್ಸು ಹಗುರಾಗುತ್ತದೆ, ನಿದ್ದೆ ಚೆನ್ನಾಗಿ ಬರುತ್ತದೆ. ಸ್ವೀಡನ್‌ನಲ್ಲಿ 102 ರೋಗಿಗಳ ಮೇಲೆ 12 ವಾರ ನಡೆದ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ವಾರಕ್ಕೆ 3ರಿಂದ 5 ದಿನ, 20ರಿಂದ 60 ನಿಮಿಷ ವ್ಯಾಯಾಮ ಮಾಡಿದವರಲ್ಲಿ ತೊಂದರೆ ಹೆಚ್ಚಿದ್ದು ನೂರಕ್ಕೆ 8 ಜನರಿಗೆ. ಎಂದಿನಂತೆಯೇ ಇದ್ದವರಲ್ಲಿ 23 ಜನರಿಗೆ. ಇಂಥ ಅಧ್ಯಯನಗಳು ಇನ್ನೂ ಚಿಕ್ಕವು. ಆದ್ದರಿಂದ ಇದನ್ನು ಮದ್ದಿಗೆ ಬದಲಿ ಎಂದುಕೊಳ್ಳಬೇಡಿ, ಮದ್ದಿನ ಜೊತೆಗಾರ ಎಂದುಕೊಳ್ಳಿ.

ಎಲ್ಲಿಂದ ಶುರು ಮಾಡುವುದು? ನಮ್ಮೂರು ಹಾರನಹಳ್ಳಿಯಲ್ಲೇ 1235ರ ಸುಮಾರಿಗೆ ಕಟ್ಟಿದ ಲಕ್ಷ್ಮೀನರಸಿಂಹ ದೇವಾಲಯವಿದೆ. ಬೆಳಿಗ್ಗೆ, ಕಲ್ಲು ಕಾಯುವ ಮುಂಚೆ, ದೇವಾಲಯ ನಿಂತಿರುವ ಕಲ್ಲಿನ ಜಗತಿ ಹತ್ತಿ ಪ್ರದಕ್ಷಿಣೆ ಹಾಕಿ. ಬಲಗಡೆ ಗೋಡೆಯ ಬುಡದಲ್ಲಿ ಆನೆಗಳ ಸಾಲು, ಅದರ ಮೇಲೆ ಕುದುರೆಗಳು ನಿಮ್ಮ ಜೊತೆಗೇ ಬರುತ್ತವೆ. ಮೊದಲ ವಾರ ಹತ್ತು ನಿಮಿಷ ಸಾಕು. ವಾರಕ್ಕೆ ಐದು ನಿಮಿಷ ಸೇರಿಸುತ್ತ ಅರ್ಧ ಗಂಟೆಗೆ ಬನ್ನಿ. ನಡೆಯುತ್ತ ಮಾತಾಡಲು ಆಗಬೇಕು, ಹಾಡಲು ಆಗಬಾರದು. ವೇಗಕ್ಕೆ ಅದೇ ಅಳತೆ. ಒಮ್ಮೆಲೇ ಬಿರುಸಾಗಿ ಓಡಬೇಡಿ, ಅದರಿಂದ ಭೇದಿ ಹೆಚ್ಚಬಹುದು.

ಒಂದು ಮಾತು ಮರೆಯಬೇಡಿ. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ಜ್ವರ, ರಕ್ತಹೀನತೆ, ನಿದ್ದೆಯಿಂದ ಎಬ್ಬಿಸುವ ಭೇದಿ, ಐವತ್ತು ದಾಟಿದ ಮೇಲೆ ಹೊಸದಾಗಿ ಶುರುವಾದ ತೊಂದರೆ: ಇವುಗಳಲ್ಲಿ ಯಾವುದಿದ್ದರೂ ಮೊದಲು ವೈದ್ಯರನ್ನು ಕಾಣಿ.

ನಡೆದ ನಿಮಿಷ, ಹೊಟ್ಟೆಯ ಸ್ಥಿತಿ, ಎರಡನ್ನೂ ದಿನವೂ ಒಂದು ಪುಸ್ತಕದಲ್ಲಿ ಬರೆದಿಡಿ. ವಾರದಲ್ಲೇ ಫಲ ಕಾಣದಿದ್ದರೆ ಬೇಸರ ಬೇಡ, ಹನ್ನೆರಡು ವಾರ ಬಿಡದೆ ನಡೆಯಿರಿ. ಆಮೇಲೆ ಆ ಪುಸ್ತಕವನ್ನು ನಿಮ್ಮ ವೈದ್ಯರ ಮುಂದಿಡಿ.