11 ಇಂಚಿನ ಆಸೆ

ಅಳಿಯ, ಊಟದ ತಟ್ಟೆಯಷ್ಟು ದೊಡ್ಡ ಟರಾಂಟುಲಾ ಸಾಕಬೇಕೆಂಬ ನಿನ್ನ ಆಸೆಗೆ ನಾನು ಅಡ್ಡ ಬರುವುದಿಲ್ಲ. ಅಡ್ಡ ಬರಲು ನಿಮ್ಮಮ್ಮ ಇದ್ದಾಳೆ, ಅದು ನೀವಿಬ್ಬರೂ ಫೋನಿನಲ್ಲಿ ಬಗೆಹರಿಸಿಕೊಳ್ಳಬೇಕಾದ ವಿಷಯ. ಇಷ್ಟು ವರ್ಷ ಪ್ರಾಣಿಶಾಸ್ತ್ರ ಪಾಠ ಮಾಡಿದ ಸೋದರಮಾವನಾಗಿ ನಾನು ಕೇಳುವುದು ಒಂದೇ: ಆ ತಟ್ಟೆಯನ್ನು ಅಳೆದವರು ಯಾರು, ಹೇಗೆ ಅಳೆದರು?

ಮಾರುವವರು ಹೇಳುವ ಅಳತೆ ಮೈಯದ್ದಲ್ಲ, ಕಾಲುಗಳದ್ದು. ಒಂದು ಮಗ್ಗುಲಿನ ಮುಂಗಾಲಿನ ತುದಿಯಿಂದ ಇನ್ನೊಂದು ಮಗ್ಗುಲಿನ ಕೊನೆಯ ಕಾಲಿನ ತುದಿಗೆ ಓರೆಯಾಗಿ ಟೇಪು ಹಿಡಿಯುತ್ತಾರೆ. ಜೇಡವೇನು ನಿನ್ನ ಅನುಕೂಲಕ್ಕೆ ಕಾಲು ಚಾಚಿ ಮಲಗುವುದಿಲ್ಲ. ಹಾಗಾಗಿ ಕೆಲವರು ಅದು ಕಳಚಿದ ಪೊರೆಯನ್ನು ನೆನೆಸಿ, ಕಾಲುಗಳನ್ನು ಎಳೆದು, ಪಿನ್ನು ಚುಚ್ಚಿ ಅಳೆಯುತ್ತಾರೆ. ಬದುಕಿರುವ ಜೇಡಕ್ಕಿಲ್ಲದ ಉದ್ದ ಅಲ್ಲಿ ಪುಕ್ಕಟೆ ಸಿಗುತ್ತದೆ. ಫೋಟೋಗಳನ್ನಂತೂ ನಂಬಲೇಬೇಡ. ಜೇಡ ಕ್ಯಾಮೆರಾ ಹತ್ತಿರವಿದ್ದು, ಹಿಡಿದವನ ಮುಖ ಹಿಂದೆ ಸರಿದಿದ್ದರೆ ಯಾವ ಜೇಡವೂ ರಾಕ್ಷಸನೇ.

ನೀನು ಹೇಳುವ 11 ಇಂಚು ಸುಳ್ಳಲ್ಲ, ಆದರೆ ಅದು ದಾಖಲೆ. ಗೋಲಿಯಾತ್ ಎಂದು ಕರೆಯುವ ಥೆರಫೋಸಾ ಬ್ಲಾಂಡಿ ದಕ್ಷಿಣ ಅಮೆರಿಕದ ಉತ್ತರ ಭಾಗದ ಮಳೆಕಾಡಿನ ಜೇಡ. 1965ರಲ್ಲಿ ವೆನೆಜುವೆಲಾದಲ್ಲಿ ಸಿಕ್ಕ ಒಂದು ಜೇಡದ ಅಳತೆ 28 ಸೆಂ.ಮೀ. ಇತ್ತು. 1998ರಲ್ಲಿ ಸ್ಕಾಟ್‌ಲೆಂಡ್‌ನಲ್ಲಿ ಸಾಕಿದ ಇನ್ನೊಂದು ಅದನ್ನು ಸರಿಗಟ್ಟಿತು. ಮೂವತ್ತಮೂರು ವರ್ಷ ಕಳೆದ ಮೇಲೂ ಸರಿಗಟ್ಟಿದ್ದಷ್ಟೇ, ಮೀರಲಿಲ್ಲ ಎಂಬುದನ್ನು ಗಮನಿಸು. ಮನೆಗಳಲ್ಲಿ ಚೆನ್ನಾಗಿ ಬೆಳೆದ ಗೋಲಿಯಾತ್ ಹೆಣ್ಣು 20ರಿಂದ 25 ಸೆಂ.ಮೀ. ಆದರೆ ಅದೇ ಹೆಚ್ಚು. ಬ್ರೆಜಿಲಿನ ಸಾಮನ್ ಪಿಂಕ್‌ಗೂ 10 ಇಂಚೆಂದು ಬರೆದಿರುತ್ತಾರೆ. ಸಾಮಾನ್ಯವಾಗಿ ಅದು 18–20 ಸೆಂ.ಮೀ.ಗೆ ಬಂದು ನಿಲ್ಲುತ್ತದೆ, ಅದರಾಚೆ ಹೋಗುವವು ಕೆಲವೇ. ಎಲ್ಲರ ಮನೆಯಲ್ಲೂ ಕಾಣುವ ಮೆಕ್ಸಿಕನ್ ಕೆಂಪು ಮಂಡಿಯ ಜೇಡ 13–15. ನಿಮ್ಮ ಟೆಕ್ಸಾಸ್‌ನ ಕಂದು ಟರಾಂಟುಲಾ ಅದಕ್ಕಿಂತ ತುಸು ಚಿಕ್ಕದು.

ಜಿರಳೆ ತಿನ್ನಿಸಿ ತಿನ್ನಿಸಿ ದೊಡ್ಡದು ಮಾಡುತ್ತೇನೆ ಅನ್ನುತ್ತೀಯಲ್ಲ, ಆ ಭ್ರಮೆ ಬೇಡ. ಹೆಚ್ಚು ತಿನ್ನಿಸಿ ಬೆಚ್ಚಗಿಟ್ಟರೆ ಬೇಗ ಬೇಗ ಪೊರೆ ಬಿಡುತ್ತದೆ, ಬೇಗ ಬೆಳೆಯುತ್ತದೆ, ನಿಜ. ಆದರೆ ಎಲ್ಲಿಗೆ ಬಂದು ನಿಲ್ಲಬೇಕೆಂಬುದನ್ನು ಮುಖ್ಯವಾಗಿ ಅದರ ಜಾತಿ, ವಂಶ, ಹೆಣ್ಣೋ ಗಂಡೋ ಎಂಬುದು ತೀರ್ಮಾನಿಸುತ್ತವೆ. ಗಂಡು ಪ್ರಾಯಕ್ಕೆ ಬರುವ ಪೊರೆ ಬಿಟ್ಟ ಮೇಲೆ ಮತ್ತೆ ಬೆಳೆಯುವುದೇ ಇಲ್ಲ. ಸಾಮಾನ್ಯವಾಗಿ ಒಂದೆರಡು ವರ್ಷದೊಳಗೆ ಅದರ ಕಥೆ ಮುಗಿಯುತ್ತದೆ. ಬೇಗ ಬೆಳೆಸಿದ ಗಂಡು ಬೇಗ ಸಾಯುತ್ತದೆ, ಅಷ್ಟೇ ಲಾಭ. ಹೆಣ್ಣು ಪ್ರಾಯಕ್ಕೆ ಬಂದ ಮೇಲೂ ಪೊರೆ ಬಿಡುತ್ತಾ, ತುಸುತುಸುವೇ ತುಂಬಿಕೊಳ್ಳುತ್ತಾ ಹೋಗುತ್ತದೆ.

ನಿಮ್ಮ ಟೆಕ್ಸಾಸ್‌ನಲ್ಲಿ ಶರತ್ಕಾಲದಲ್ಲಿ ರಸ್ತೆ ದಾಟುವ ಟರಾಂಟುಲಾಗಳನ್ನು ನೀನೇ ನೋಡಿರಬೇಕು. ಅವು ಹೆಣ್ಣು ಹುಡುಕಿಕೊಂಡು ಹೊರಟ ಗಂಡುಗಳು. ಬರೀ ಉದ್ದನೆ ಕಾಲು, ಹೊಟ್ಟೆ ಬಡಕಲು. ಟೇಪು ಹಿಡಿದರೆ ಅದೂ ಹೆಣ್ಣಿನಷ್ಟೇ ದೊಡ್ಡದೆನ್ನುತ್ತದೆ, ತಕ್ಕಡಿಗೆ ಹಾಕಿದರೆ ನಿಜ ಗೊತ್ತಾಗುತ್ತದೆ. ನನ್ನ ಕೇಳಿದರೆ ಜೇಡದ ದೊಡ್ಡತನವನ್ನು ಮೈಯ ತೂಕದಲ್ಲಿ ನೋಡಬೇಕು. ಗೋಲಿಯಾತ್ ಜಗತ್ತಿನ ಅತಿ ದೊಡ್ಡದೆನ್ನಿಸಿಕೊಂಡಿರುವುದೂ ಹಾಗೆಯೇ. ಕಾಲಳತೆಯಲ್ಲಿ ಲಾವೋಸ್‌ನ ಹಂಟ್ಸ್‌ಮನ್ ಜೇಡ 30 ಸೆಂ.ಮೀ.ವರೆಗೆ ಹೋಗಿ ಅದನ್ನು ಹಿಂದೆ ಹಾಕುತ್ತದೆ. ಆದರೆ 175 ಗ್ರಾಂವರೆಗೆ ತೂಗಬಲ್ಲ ಗೋಲಿಯಾತ್ ಮುಂದೆ ಅದು ಏನೇನೂ ಅಲ್ಲ.

ಆ ತೂಕವೇ ಅದಕ್ಕೆ ಕಂಟಕವೂ ಹೌದು. ಗಾಜಿನ ಪೆಟ್ಟಿಗೆ ಎತ್ತರವಿದ್ದರೆ ಗೋಡೆ ಹತ್ತಿ ಬಿದ್ದು ಹೊಟ್ಟೆ ಒಡೆದುಕೊಂಡು ಸಾಯುತ್ತದೆ. ನೆಲದ ಜೇಡಕ್ಕೆ ಎತ್ತರ ಕಡಿಮೆ ಇರಲಿ, ಬಿಲ ತೋಡಲು ತೆಂಗಿನ ನಾರಿನ ಪುಡಿಯನ್ನೋ ಮಣ್ಣನ್ನೋ ಆಳವಾಗಿ ತುಂಬು. ಕೈಮೇಲೆ ಬಿಟ್ಟುಕೊಂಡು ಫೋಟೋ ತೆಗೆಸಿಕೊಳ್ಳುವ ಚಪಲ ಬೇಡ. ಗೋಲಿಯಾತ್ ಹೊಟ್ಟೆಯ ಮೇಲಿನ ರೋಮ ಉದುರಿಸಿತೆಂದರೆ ನವೆ ಬೇಗ ಬಿಡುವುದಿಲ್ಲ. ಕಣ್ಣಿಗೆ ಹೊಕ್ಕರೆ ಡಾಕ್ಟರ ಹತ್ತಿರ ಓಡಬೇಕು.

ಇನ್ನೊಂದು ಮಾತು. ಅಲ್ಲಿ ‘ಮೈಸೂರು ಆರ್ನಮೆಂಟಲ್’ ಎಂಬ ಹೆಸರಿನ ಜೇಡ ಮಾರಾಟಕ್ಕಿರುವುದು ಕಂಡರೆ ಊರಿನ ಅಭಿಮಾನಕ್ಕೆ ಬಿದ್ದು ಕೊಳ್ಳಬೇಡ. ಅದು ನಮ್ಮ ಪಶ್ಚಿಮ ಘಟ್ಟದ ಮರದ ಪೊಟರೆಗಳ ಪೊಸಿಲೋಥೀರಿಯಾ ಸ್ಟ್ರಿಯೇಟಾ. ಬಲು ಚುರುಕು, ಕಚ್ಚಿದರೆ ಸ್ನಾಯು ಹಿಡಿದು ನರಳಿಸುತ್ತದೆ. ಹೊಸಬರ ಜೇಡವಲ್ಲ. ಆ ಇಡೀ ಕುಲವೇ 2019ರಿಂದ, ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಎರಡನೆಯ ಪಟ್ಟಿಯಲ್ಲಿದೆ. ರಜಕ್ಕೆ ಬರುವಾಗ ಯಾವ ಜೇಡವನ್ನೂ ಡಬ್ಬಿಯಲ್ಲಿಟ್ಟು ಇಲ್ಲಿಗೆ ತರಬೇಡ, ಇಲ್ಲಿಂದ ಒಯ್ಯಲೂ ಬೇಡ. ಕಾನೂನು ನಿನ್ನ ಪ್ರೀತಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ನೀನು ಕೇಳದಿದ್ದ ಅಳತೆಯೊಂದಿದೆ: ಆಯಸ್ಸು. ಕೆಂಪು ಮಂಡಿಯ ಹೆಣ್ಣು ಇಪ್ಪತ್ತು ವರ್ಷ ದಾಟುತ್ತದೆ. ಅಷ್ಟರಲ್ಲಿ ನೀನು ನಾಲ್ಕು ಕೆಲಸ, ಮೂರು ಊರು ಬದಲಿಸಿರುತ್ತೀಯ, ದೇವರು ದೊಡ್ಡವನು, ಮದುವೆಯೂ ಆಗಿರಬಹುದು. ಬರುವವಳಿಗೆ ಇದನ್ನು ಮೊದಲೇ ಹೇಳು.

ಇಷ್ಟಾದ ಮೇಲೂ ಮನಸ್ಸಿದ್ದರೆ ಕಾಡಿನಿಂದ ಹಿಡಿದು ತಂದದ್ದನ್ನು ಬಿಟ್ಟು, ಸಾಕಿದವರ ಮನೆಯಲ್ಲೇ ಹುಟ್ಟಿದ ಜೇಡವನ್ನು ತೆಗೆದುಕೋ. ಹೆಣ್ಣೆಂದು ಹೇಳಿದರೆ ಕಳಚಿದ ಪೊರೆಯ ಒಳಭಾಗ ನೋಡಿ ಗುರುತಿಸಿದ್ದೀರಾ ಎಂದು ಕೇಳು. ಉತ್ತರ ತಡವರಿಸಿದರೆ ಹೆಣ್ಣಿನ ಬೆಲೆ ಕೊಡಬೇಡ.