ತೊಲೆಯ ಸ್ವಂತ ಭಾರ

ಎರಡು ಗೋಡೆಗಳ ಮೇಲಿರುವ 6 ಮೀಟರು ಉದ್ದದ ಏಕರೂಪದ ತೊಲೆಗೆ, ಎಡಗೋಡೆಯಿಂದ 2 ಮೀಟರು ದೂರದಲ್ಲಿ 900 ಕಿಲೋಗ್ರಾಂ ಭಾರವನ್ನು ತೂಗುಹಾಕಿದರೆ ಯಾವ ಗೋಡೆ ಎಷ್ಟನ್ನು ಹೊರುವುದು? ಸಿವಿಲ್ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಬಲವಿಜ್ಞಾನವನ್ನು ನಾವು ಈ ಪ್ರಶ್ನೆಯಿಂದಲೇ ಆರಂಭಿಸುತ್ತೇವೆ.

ತೊಲೆ ತಿರುಗದೆ ನಿಂತಿರುವುದರಿಂದ ಬಲಗೋಡೆಯ ಸುತ್ತಲಿನ ಭ್ರಾಮಕಗಳು ಸಮವಾಗಿರಬೇಕು. 900ನ್ನು 4ರಿಂದ ಗುಣಿಸಿ 6ರಿಂದ ಭಾಗಿಸಿದರೆ ಎಡಗೋಡೆಯ ಪಾಲು 600. ಮಿಕ್ಕ 300 ಬಲಗೋಡೆಯದು. ಆದರೆ ತೊಲೆಯ ತೂಕವೆಲ್ಲಿ? ಅದು 300 ಕಿಲೋಗ್ರಾಂ ಆದರೆ ಪ್ರತಿಯೊಂದು ಗೋಡೆಗೂ 150 ಸೇರಬೇಕು.

ಇದು ಅಲ್ಪ ವಿಷಯವಲ್ಲ. ಕೆನಡಾದ ಕ್ವಿಬೆಕ್ ಸೇತುವೆಯ ನಡು ಅಂಕಣವನ್ನು 1600 ಅಡಿಯಿಂದ 1800 ಅಡಿಗೆ ಹಿಗ್ಗಿಸಿದಾಗ, ಅದರ ಸ್ವಂತ ಭಾರವನ್ನು ಸಕಾಲದಲ್ಲಿ ಮತ್ತೆ ಗಣಿಸಲಿಲ್ಲ. 1907ರ ಆಗಸ್ಟ್ 29ರಂದು, ಕಟ್ಟುತ್ತಿರುವಾಗಲೇ ಅದು ಕುಸಿದು 75 ಕೆಲಸಗಾರರು ಮಡಿದರು.

ಆದುದರಿಂದ ಚಿತ್ರದಲ್ಲಿ ಮೊದಲು ಎಳೆಯಬೇಕಾದ ಬಾಣ ತೊಲೆಯ ತೂಕದ್ದೇ.